ಬೇಡಿದ ಅರಿವಿ

ಬಸವಕಲ್ಯಾಣದ ಬಜಾರದಲ್ಲಿ ದಿಗಂಬರಪ್ಪನ ಅರಿವಿ ಅಂಗಡಿಗೆ ಹೋದವರು ಕುತ್ತಿಗೆ ಎತ್ತಿಯೇ ನಿಲ್ಲಬೇಕು. ನೆಲದಿಂದ ಮಾಳಿಗೆಯತನಕ ಮಲಮಲ್, ಪಾಪ್ಲೀನ್, ಧೋತ್ರ, ಇಳಕಲ್ಲ ಸೀರೆ. ಮದುಮಗಳ ಶಾಲೂ ಸೀರೆಯೂ ಅಲ್ಲೇ ಸಿಗುತ್ತದೆ, ಸತ್ತವರ ಮೈಮೇಲೆ ಹೊದಿಸುವ ಬಿಳಿ ಅರಿವಿಯೂ ಅಲ್ಲೇ. ಅಂಥ ಅಂಗಡಿಯ ಮೊಮ್ಮಗಳು, ಒಂದು ತಿಂಗಳ ಹೆಣ್ಣುಕೂಸು, ಹುಮನಾಬಾದಿನಲ್ಲಿ ತಾಯಿಯ ತವರಿನಲ್ಲಿ ಕಂಡವರ ಮನೆಯ ಹಳೇ ಧೋತ್ರದ ತುಂಡಿನೊಳಗೆ ಮಲಗಿತ್ತು. ಅಜ್ಜನ ಅಂಗಡಿಯ ಒಂದು ಗೇಣು ಅರಿವಿಯೂ ಅದರ ಮೈ ಮುಟ್ಟಿರಲಿಲ್ಲ. ಬಡತನಕ್ಕಲ್ಲ, ಹರಕೆಗೆ.

ಹರಕೆ ಹೊತ್ತವಳು ದಿಗಂಬರಪ್ಪನ ಹೆಂಡತಿ ಲಲಿತಾಬಾಯಿ. ಸೊಸೆ ಸ್ನೇಹಲಳ ಚೊಚ್ಚಲ ಕೂಸು ಹುಟ್ಟಿದ ವಾರದೊಳಗೇ ಹೋಗಿತ್ತು. ಅದು ಹುಟ್ಟುವ ಮೊದಲೇ ಲಲಿತಾಬಾಯಿ ಸಂಭ್ರಮ ತಡೆಯಲಾರದೆ ಅಂಗಡಿಯಿಂದ ಹೊಸ ಮಲಮಲ್ ತರಿಸಿ ಅಂಗಿ, ಕುಲಾಯಿ, ಲಂಗೋಟಿ ಹೊಲಿಸಿ ಪೆಟ್ಟಿಗೆ ತುಂಬಿದ್ದಳು. ಹೊಟ್ಟೆಯಲ್ಲಿರುವ ಕೂಸಿಗೆ ಹೊಸದು ಹೊಲಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಕೂಸಿನ ಎದೆಯಲ್ಲೇ ದೋಷವಿತ್ತು ಎಂದು ದವಾಖಾನೆಯವರು ಹೇಳಿದರು. ಲಲಿತಾಬಾಯಿಗೆ ಎರಡೂ ಖರೆ ಅನ್ನಿಸಿದವು, ಎರಡೂ ಅನ್ನಿಸಿದ್ದರಿಂದ ನಿದ್ದೆ ಹಾರಿಹೋಯಿತು. ಸೊಸೆ ಮತ್ತೆ ಬಸುರಾದಾಗ ಆಕೆ ಹುಮನಾಬಾದಿನ ವೀರಭದ್ರ ದೇವರ ಮುಂದೆ ಸೆರಗೊಡ್ಡಿ ನಿಂತಳು.

"ಹುಟ್ಟುಗೂದಲ ಜಾವಳ ತೆಗೆಯೂತನಕ ಹೊಸ ಅರಿವಿ, ಕೊಂಡ ಅರಿವಿ ಮುಟ್ಟಸಂಗಿಲ್ಲಪ್ಪಾ. ಬೇಡಿ ತಂದದ್ದೇ ಹಾಕ್ತೀನಿ. ಭಿಕಾರಿ ಕೂಸು ಅಂತ ತಿಳ್ಕೊಂಡು ಬಿಟ್ಟಬಿಡು."

ಕೂಸು ಹುಟ್ಟಿತು, ಅತ್ತಿತು, ಹಾಲು ಕುಡಿಯಿತು. ಲಲಿತಾಬಾಯಿ ಮುಪ್ಪಿನವರಿದ್ದ ಮನೆ ಹುಡುಕಿಕೊಂಡು ಬೇಡಲು ಹೊರಟಳು. ಹೆಚ್ಚು ಬದುಕಿದವರ ಅರಿವಿ ಕೂಸಿಗೆ ಆಯುಷ್ಯ ಕೊಡುತ್ತದೆಂದು ನಂಬಿಕೆ. ಹುಡಗಿ ಎಂಬ ಊರಿನ ಬಕ್ಕಪ್ಪ ಮುತ್ಯಾ ತೊಂಬತ್ತು ದಾಟಿದವ, ಕಟ್ಟೆಯ ಮೇಲೆ ಕುಳಿತಿದ್ದ.

"ನಿಮ್ಮ ಹಳೇ ಧೋತ್ರ ಒಂದು ಬೇಕಾಗ್ಯಾದ ಮುತ್ಯಾ, ನಮ್ಮ ಮೊಮ್ಮಗಳಿಗಿ."

"ಇರೂದೇ ಎರಡವ್ವಾ. ಒಂದು ತಂತಿ ಮ್ಯಾಲ ಅದ, ಒಂದು ನನ್ನ ಮ್ಯಾಲ ಅದ. ಯಾವುದು ಬೇಕು ಹೇಳು."

ತಂತಿಯ ಮೇಲಿನದು ಸಿಕ್ಕಿತು. ಉಳಿದ ಮನೆಗಳಲ್ಲಿ ಬೇರೆ ಪೇಚು. ಈಗ ಹತ್ತಿ ಅರಿವಿ ಉಡುವವರು ಯಾರು? ಕೊಡುವ ಮನಸ್ಸಿನವರು ಕೊಟ್ಟರು, ಆದರೆ ಕೊಟ್ಟದ್ದು ನೈಲಾನ್ ಸೀರೆ, ಟೆರಿಕಾಟ್ ಲುಂಗಿ. ಅವನ್ನು ಕೂಸಿಗೆ ಹೇಗೆ ಕಟ್ಟುವುದು? ಹತ್ತಿಯದು ಎಂದು ಕೂಡಿಬಂದದ್ದು ಒಂದು ಸಣ್ಣ ಗಂಟು.

ಶ್ರಾವಣದ ಮಳೆ ಹಿಡಿದಿತ್ತು. ಸೋಮವಾರ ಸಂಜೆ ಮಗ ಓಂಪ್ರಕಾಶ ಹುಮನಾಬಾದಿನಿಂದ ಬಂದವನು ಊಟಕ್ಕೆ ಕುಳಿತು ಪುಂಡಿಪಲ್ಲೆಯನ್ನು ಬರೀ ಕಲಸುತ್ತಿದ್ದ.

"ಯಾಕೋ, ರುಚಿ ಇಲ್ಲೇನು?" ಎಂದಳು ತಾಯಿ.

"ಕೂಸಿನ ಕುಂಡಿ ಕೆಂಪಗಾಗ್ಯಾದ ಅವ್ವಾ. ತೊಡಿ ಸಂದಿನೂ. ಮುಟ್ಟಿದ್ರ ಚೀರ್ತದ."

"ಉಷ್ಣ," ಎಂದ ದಿಗಂಬರಪ್ಪ.

"ಹೊರಗ ಇಷ್ಟು ಥಂಡಿ ಅದ, ಉಷ್ಣ ಎಲ್ಲಿಂದ ಬರ್ತದ?" ಎಂದಳು ಲಲಿತಾಬಾಯಿ. "ಬಾಣಂತಿಗಿ ಏನ ಉಣಸಾಕತ್ತಾರ ನಿಮ್ಮತ್ತಿ ಮನ್ಯಾಗ? ಹಸಿ ಖಾರ ಹಾಕಿರಬೇಕು."

"ನಿನ್ನೆ ಅಲ್ಲಿ ಅವ್ರು ಕೇಳಿದ್ರು, ಹೋದ ವಾರ ನಿಮ್ಮವ್ವ ಕಳಿಸಿದ ಅಂಟಿನುಂಡಿ ಉಷ್ಣ ಆತೇನು ಅಂತ."

"ನನ್ನ ಅಂಟಿನುಂಡಿ?"

"ನಾ ಅನ್ನಲಿಲ್ಲವ್ವಾ, ಅವ್ರು ಅಂದ್ರು. ನಾ ಇಲ್ಲಿದು ಅಲ್ಲಿ ಹೇಳ್ತೀನಿ, ಅಲ್ಲಿದು ಇಲ್ಲಿ ಹೇಳ್ತೀನಿ. ನಡುವ ನನಗೇನೂ ತಿಳಿಯಂಗಿಲ್ಲ." ಅವನು ನೀರು ಕುಡಿದು ಮೆಲ್ಲಗೆ ಸೇರಿಸಿದ, "ಒಂದು ಡೈಪರ್ ಪಾಕೀಟ ತಂದಿಟ್ಟೀನಿ. ಸ್ನೇಹಲ ಕೇಳಿದ್ಳು."

ಲಲಿತಾಬಾಯಿಯ ಕೈಯಲ್ಲಿನ ರೊಟ್ಟಿ ಬುಟ್ಟಿಗೆ ಹೋಗದೆ ಅಲ್ಲೇ ನಿಂತಿತು. "ಹಾಕೀರೇನು?"

"ಇಲ್ಲ. ಅಲಮಾರಿ ಮ್ಯಾಲಿಟ್ಟೀವಿ. ಅತ್ತಿಯವರು ನಿಮ್ಮವ್ವನ ಹರಕಿ ನಾ ಮುರಿಯಂಗಿಲ್ಲ ಅಂದ್ರು."

ಬೀಗತಿ ಸುಮನಬಾಯಿಯ ಮೇಲೆ ಅಂದು ಮೊದಲ ಸಲ ಲಲಿತಾಬಾಯಿಗೆ ಅಕ್ಕರೆ ಬಂತು. ಮರುಗಳಿಗೆಯೇ ಅಂಟಿನುಂಡಿ ನೆನಪಾಗಿ ಅದು ಹೋಯಿತು.

ಮರುದಿನ ಆಕೆಯೇ ಬಸ್ಸು ಹತ್ತಿ ಹುಮನಾಬಾದಿಗೆ ಹೋದಳು. ಸುಮನಬಾಯಿಯ ಮನೆ ಹಸಿ ಗೋಡೆಯ ವಾಸನೆ, ಲೋಬಾನದ ಹೊಗೆ, ಅದರಡಿಯಲ್ಲಿ ಇನ್ನೊಂದು ಹುಳಿ ಘಾಟಿನಿಂದ ತುಂಬಿತ್ತು. ನಡುಮನೆಯಲ್ಲಿ ಕೆಂಡದ ಶೇಗಡಿ. ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಕೂಸಿನ ಅರಿವಿ ಹರವಿದ್ದರು. ತೊಟ್ಟಿಲ ಬಳಿ ಸ್ನೇಹಲ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕುಳಿತಿದ್ದಳು. ಕಣ್ಣ ಕೆಳಗೆ ಕಪ್ಪು.

"ಬರ್ರಿ ಬೀಗತ್ಯಾರ," ಎಂದಳು ಸುಮನಬಾಯಿ. "ನೋಡ್ರಿ ನಿಮ್ಮ ಮೊಮ್ಮಗಳ ಅವತಾರ."

ಲಲಿತಾಬಾಯಿ ಬಗ್ಗಿ ಲಂಗೋಟಿ ಬಿಚ್ಚಿದಳು. ಕುಂಡಿಯಿಂದ ಕಿಬ್ಬೊಟ್ಟೆಯತನಕ ಬೆಂದ ಗೆಣಸಿನ ಸಿಪ್ಪೆಯ ಬಣ್ಣ. ಅದರ ಮೇಲೆ ಅರಿಷಿಣದ ಹಳದಿ, ಸಂದಿಯಲ್ಲಿ ಪೌಡರು ಮುದ್ದೆ ಕಟ್ಟಿದ ಬಿಳುಪು.

"ಏನೇನ ಹಚ್ಚೀರಿ ಇದಕ್ಕ?"

"ಅರಿಷಿಣ, ಕೊಬ್ರಿ ಎಣ್ಣಿ ನಾ ಹಚ್ಚೀನಿ. ಪೌಡರ್ ಬಾಜು ಮನಿ ಸರುಬಾಯಿ ಉದುರಿಸ್ಯಾಳ. ಆಕಿ ಆರು ಮಕ್ಕಳು ಹಡದಾಳ."

"ಪೌಡರ್ ಯಾಕ ಬಿಟ್ರಿ? ಹರಳೆಣ್ಣಿ ಥಂಪು, ಅದನ್ನ ಹಚ್ಚಬೇಕು. ನಾ ತಂದೀನಿ."

"ನೀವು ತಂದದ್ದು ಹಚ್ಚಿದ್ರ ನಾ ಹಚ್ಚಿದ್ದೇನ ಮಾಡ್ಲಿ?"

"ಅದನ್ನ ಒರಸ್ರಿ."

"ಒರಸಿದ್ರ ಚೀರ್ತದರಿ ಕೂಸು."

ಸ್ನೇಹಲ ಬಾಯಿ ಬಿಟ್ಟಳು. "ಇಬ್ರೂ ಹಚ್ಚಬ್ಯಾಡ್ರಿ ಅತ್ತಿ. ದವಾಖಾನಿಗಿ ನಡೀರಿ."

ಮಕ್ಕಳ ಡಾಕ್ಟರು ಮಹಜಬೀನ್ ಮೇಡಂ ಕೂಸನ್ನು ಹೊರಳಿಸಿ ನೋಡಿದರು. "ಏನ ಹಚ್ಚೀರಿ?"

"ಜರಾ ಕೊಬ್ರಿ ಎಣ್ಣಿ ಅಷ್ಟೇರಿ," ಎಂದಳು ಸುಮನಬಾಯಿ.

"ನಿಮ್ಮ ಕಡೆ ಕೊಬ್ರಿ ಎಣ್ಣಿ ಹಳದಿ ಇರ್ತದೇನಮ್ಮಾ?" ಡಾಕ್ಟರು ಹತ್ತಿಯನ್ನು ನೀರಲ್ಲಿ ಅದ್ದಿ ಸಂದಿಯನ್ನು ಮೆಲ್ಲಗೆ ತೊಳೆದರು. "ಅರಿಷಿಣ ಬ್ಯಾಡ, ಪೌಡರ್ ಬ್ಯಾಡ. ಸಾಬೂನು ತಿಕ್ಕಬ್ಯಾಡ್ರಿ. ಬೆಚ್ಚನ ನೀರಾಗ ತೊಳೀರಿ, ಒತ್ತಿ ಒರಸ್ರಿ, ಹೊತ್ತು ಸಿಕ್ಕಾಗೆಲ್ಲ ಖುಲ್ಲಾ ಬಿಡ್ರಿ, ಗಾಳಿ ಆಡ್ಲಿ. ಈ ಮುಲಾಮು ದಪ್ಪಗ ಮೆತ್ರಿ, ಗೋಡಿಗಿ ಸುಣ್ಣ ಬಳದಂಗ. ಒದ್ದಿ ಆದ ಕೂಡ್ಲೇ ಅರಿವಿ ಬದಲಿ ಮಾಡ್ರಿ. ಉಚ್ಚಿ ಅರಿವಿ ತೊಳೀದೇ ಹಾಂಗೇ ಒಣಗಸೂದಿಲ್ಲಲ್ಲ?"

"ಛೇ ಛೇ," ಎಂದಳು ಸುಮನಬಾಯಿ.

"ಅರಿವಿ ಎಷ್ಟವ?"

ಸುಮನಬಾಯಿ ಬೀಗತಿಯ ಕಡೆ ನೋಡಿದಳು. ಬೀಗತಿಯ ಮಾನ ತನ್ನ ಮಾನ. "ಅರಿವಿಗಿ ಏನ ಕಮ್ಮಿರಿ ಮೇಡಂ? ಇವರದು ಕಲ್ಯಾಣದಾಗ ಅರಿವಿ ಅಂಗಡೀನೇ ಅದ."

"ಹಾಂಗಿದ್ರ ಫಿಕರ್ ಇಲ್ಲ," ಎಂದು ಡಾಕ್ಟರು ನಕ್ಕರು. ಲಲಿತಾಬಾಯಿಯೂ ನಕ್ಕಳು. ನಗಬಾರದಿತ್ತು ಎಂದು ಮೆಟ್ಟಿಲಿಳಿಯುವಾಗ ಅನ್ನಿಸಿತು. ಆದರೆ ಹೇಳುವುದಾದರೂ ಏನನ್ನು? ತಾನು ಊರೂರು ಬೇಡಿದ್ದನ್ನೇ? ಬೇಡಿಯೂ ಸಾಲದೇ ಹೋದದ್ದನ್ನೇ?

ಮನೆಗೆ ಬಂದು ಸುಮನಬಾಯಿ ಮುಲಾಮು ಮೆತ್ತಿದಳು, ಬುಟ್ಟಿಯ ಮೇಲಿನ ಅರಿವಿಯನ್ನೇ ಎತ್ತಿ ಕಟ್ಟಿದಳು. ಹುಳಿ ಘಾಟು ಮೂಗಿಗೆ ಬಡಿಯಿತು.

"ಇದು ತೊಳದದ್ದೇನ್ರಿ?" ಎಂದಳು ಲಲಿತಾಬಾಯಿ.

"ಹೇತದ್ದು ತೊಳೀತೀನಿ. ಉಚ್ಚಿ ಏನ ಹೊಲಸಲ್ಲ, ತಾಯಿ ಹಾಲೇ ಅದು. ನಮ್ಮವ್ವ ನಮ್ಮನ್ನ ಹಾಂಗೇ ಸಾಕಿದ್ಳು." ಸುಮನಬಾಯಿಯ ದನಿ ಸಣ್ಣದಾಯಿತು. "ಎಲ್ಲಾ ತೊಳದ್ರ ಈ ಮಳ್ಯಾಗ ಒಣಗಂಗಿಲ್ಲ. ಇನ್ನೊಂದಿಷ್ಟು ಅರಿವಿ ಇದ್ದಿದ್ರ ಮಾತು ಬ್ಯಾರೆ. ನೀವು ತಂದದ್ದೇ ಇಷ್ಟಲ್ಲ."

ಲಲಿತಾಬಾಯಿ ಊರಿಗೆ ಬಂದವಳೇ ಮತ್ತೆ ಬೇಡಲು ಹೋದಳು. ಘಾಟಬೋರಾಳದಲ್ಲಿ ಒಬ್ಬಳು ಮುದುಕಿ ಒಳಗಿನಿಂದ ಹೂವಿನ ಚಿತ್ತಾರದ ನೈಟಿ ತಂದು ಕೊಟ್ಟಳು. ಇನ್ನೊಂದು ಮನೆಯಲ್ಲಿ, "ಅರಿವಿ ಅಂಗಡಿ ಸಾವಕಾರ್ತಿ ನಮ್ಮ ಮನಿ ಚಿಂದಿ ಯಾಕ ಕೇಳ್ತಾಳ, ಏನಾರ ಮಾಟ ಅದೇನು?" ಎಂದು ಬಾಗಿಲ ಮರೆಯಲ್ಲಿ ಮಾತಾಡಿದ್ದು ಕೇಳಿಸಿತು. ಹತ್ತಿಯದೊಂದು ಚೂರೂ ಸಿಗದೆ ಮನೆಗೆ ಬಂದಳು.

ವಾರ ಕಳೆದು ಸ್ನೇಹಲಳೇ ಫೋನು ಮಾಡಿದಳು. ಸೊಸೆ ಅತ್ತೆಗೆ ನೇರ ಫೋನು ಮಾಡುವುದು ಅಪರೂಪ.

"ಅತ್ತಿ, ಸಂದ್ಯಾಗ ಚರ್ಮ ಸುಲದಾದ. ಅರಿವಿಗಿ ನೆತ್ತರ ಹತ್ತಾಕತ್ಯಾದ. ಮೊಲಿ ಹಿಡೀತದ, ಬಿಡ್ತದ, ಚೀರ್ತದ."

"ಮುಲಾಮು ಹಚ್ಚಾಕತ್ತೀರಿಲ್ಲೋ?"

"ಮುಲಾಮು ಹಚ್ಚಿ ಮ್ಯಾಲ ಅದೇ ಉಚ್ಚಿ ಅರಿವಿ ಕಟ್ಟೀವಿ." ಅತ್ತ ಕೂಸು ಚೀರುವುದು ಕೇಳಿಸಿತು. "ಹೋದದ್ದಕ್ಕ ಹೊಸಾದು ಹೊಲಿಸಿದ್ವಿ, ಅದಕ್ಕ ಹೋತು ಅಂತೀರಿ. ಇದಕ್ಕ ಹಳೇದು ಹಾಕೀವಿ, ಸುಡಾಕತ್ಯಾದ. ಹಡದಾಕಿ ನಾ ಯಾವುದನ್ನ ನಂಬ್ಲಿ, ನೀವೇ ಹೇಳ್ರಿ."

ಲಲಿತಾಬಾಯಿಗೆ ಡೈಪರ್ ಹಾಕು ಅನ್ನಲೂ ಬಾಯಿ ಬರಲಿಲ್ಲ, ಹಾಕಬೇಡ ಅನ್ನಲೂ ಬರಲಿಲ್ಲ. "ನಾ ಬರ್ತೀನಿ," ಎಂದಷ್ಟೇ ಅಂದಳು.

ಎರಡನೆಯ ಸಲ ದವಾಖಾನೆಯಲ್ಲಿ ಡಾಕ್ಟರು ನೋಡಿದವರೇ ಮುಖ ಗಂಟು ಹಾಕಿದರು. ಕೆಂಪಿನ ಸುತ್ತ ಸಾಸಿವೆ ಚೆಲ್ಲಿದಂತೆ ಸಣ್ಣ ಗುಳ್ಳೆ. "ಹಸೀ ಅರಿವ್ಯಾಗ ರೊಟ್ಟಿ ಕಟ್ಟಿಟ್ರ ಬೂಷ್ಟು ಹಿಡೀತದಲ್ಲ, ಅದೇ ಜಾತಿ ಇದು. ನಾ ಹೇಳಿದಂಗ ಅರಿವಿ ಬದಲಿ ಮಾಡಿದ್ರೇನು?"

"ಮಾಡೀವ್ರಿ," ಎಂದು ಸುಮನಬಾಯಿ ಶುರು ಮಾಡಿದಳು. ಲಲಿತಾಬಾಯಿ ಆಕೆಯ ಕೈ ಹಿಡಿದಳು.

"ಇಲ್ರಿ ಮೇಡಂ. ಅರಿವಿ ಇಲ್ರಿ ನಮ್ಮ ಕಡೆ."

"ಅಂಗಡಿ?"

"ಅಂಗಡಿ ಅದ, ಅರಿವಿ ಇಲ್ರಿ." ಹೊರಗೆ ಸರದಿಗೆ ಕುಳಿತವರಿಗೂ ಕೇಳುವಂತೆ ಆಕೆ ಎಲ್ಲವನ್ನೂ ಹೇಳಿದಳು. ಹೋದ ಕೂಸು, ಹರಕೆ, ಬೇಡಿದ ಗಂಟು, ಬುಟ್ಟಿಯ ಮೇಲೆ ಒಣಗಿಸಿದ್ದು. "ಉಚ್ಚಿದು ತೊಳೀದೇ ಕಟ್ಟೀವ್ರಿ. ಇವರ ತಪ್ಪಲ್ಲ. ನಾ ಕೊಟ್ಟದ್ದೇ ಅಷ್ಟು."

ಡಾಕ್ಟರು ಬೈಯಲಿಲ್ಲ. "ನಾನೂ ದುವಾ ಕೇಳೂವಾಕಿನೇ ಅಮ್ಮಾ. ನಿಮ್ಮ ಮನ್ನತ್ ಬಿಡ್ರಿ ಅಂತ ನಾ ಹ್ಯಾಂಗ ಹೇಳ್ಲಿ? ಅದು ನಿಮಗೂ ದೇವರಿಗೂ ಬಿಟ್ಟದ್ದು. ಆದರ ಒಣಗಿದ ಉಚ್ಚಿ ಮತ್ತ ಒದ್ದಿ ಆದ್ರ ಚರ್ಮ ಸುಡ್ತದ, ಇದು ನನಗ ಗೊತ್ತು. ಡೈಪರ್ ಹಾಕಿದ್ರೂ ಜಲ್ದಿ ಜಲ್ದಿ ತೆಗೀಬೇಕು, ಅರಿವಿ ಆದ್ರೂ ನಡೀತದ. ಹತ್ತೀದು ಇರ್ಲಿ, ಹಿಂಡಿ ಹಿಂಡಿ ತೊಳದದ್ದು ಇರ್ಲಿ, ಖಡಕ್ ಒಣಗಿದ್ದು ಇರ್ಲಿ, ಬದಲಿಗಿ ಸಾಕಷ್ಟು ಇರ್ಲಿ." ಬೇರೆ ಮುಲಾಮು ಬರೆದುಕೊಟ್ಟರು. "ಜ್ವರ ಬಂದ್ರ, ಹಾಲು ಬಿಟ್ರ ಕೂಡ್ಲೇ ಕರ್ಕೊಂಡ ಬರ್ರಿ. ಕಾಯಬ್ಯಾಡ್ರಿ."

ಅಂದು ಇಡೀ ಹಗಲು ಸ್ನೇಹಲ ಕೂಸನ್ನು ಬರಿಮೈಯಲ್ಲೇ ತೊಡೆಯ ಮೇಲೆ ಮಲಗಿಸಿಕೊಂಡಳು. ಸುಮನಬಾಯಿ ಇದ್ದಬದ್ದ ಅರಿವಿಯನ್ನೆಲ್ಲ ಕುದಿಸಿ ತೊಳೆದಳು, ಅವು ಒಣಗಲಿಲ್ಲ. ಲಲಿತಾಬಾಯಿ ಕಲ್ಯಾಣದ ಬಸ್ಸು ಹತ್ತಿದಳು. ಅಲಮಾರಿಯ ಮೇಲಿನ ಪಾಕೀಟು ದಾರಿಯುದ್ದಕ್ಕೂ ಕಣ್ಣಲ್ಲಿತ್ತು. ಹರಕೆ ಮುರಿದರೆ ದೇವರು ಕೂಸನ್ನು ಕೇಳುತ್ತಾನೆ. ಮುರಿಯದಿದ್ದರೆ ಕೂಸೇ ತನ್ನನ್ನು ಕೇಳುತ್ತದೆ. ಯಾರ ಮಾತು ಮೊದಲು?

ಸಂಜೆ ಗಂಡನಿಗೂ ಮಗನಿಗೂ ಬಡಿಸುತ್ತ ಒಮ್ಮೆಲೇ ಕೇಳಿದಳು, "ಏನ್ರಿ, ಹೊಸ ಅರಿವಿ ಯಾವಾಗ ಹಳೇದಾಗ್ತದ?"

ದಿಗಂಬರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಇದೇನ ಒಗಟು?"

"ಅಂಗಡ್ಯಾಗ ಕುಂತು ತಲಿ ಬೆಳ್ಳಗ ಮಾಡ್ಕೊಂಡೀರಿ. ನಿಮಗ ಗೊತ್ತಿಲ್ಲಂದ್ರ ಯಾರಿಗಿ ಗೊತ್ತದ?"

"ನೀರಿಗಿ ಬಿತ್ತಂದ್ರ ಹಳೇದು. ಗಿರಾಕಿ ಒಮ್ಮಿ ತೊಳದು ವಾಪಸ್ ತಂದ್ರ ನಾ ತೊಗೊಳ್ಳಂಗಿಲ್ಲ. ನಮ್ಮಪ್ಪನ ಕಾಲದಿಂದ ಅದೇ ರಿವಾಜು."

"ಮೈಮ್ಯಾಲ ಹಾಕ್ಕೊಂಡಿದ್ರ?"

"ಅದಂತೂ ಚಿಂದಿ ಲೆಕ್ಕ."

ಓಂಪ್ರಕಾಶ ಇಬ್ಬರನ್ನೂ ನೋಡಿದ. "ಅಪ್ಪನ ಅಂಗಡಿ ರಿವಾಜು ವೀರಭದ್ರ ದೇವರು ಒಪ್ತಾನೇನವ್ವಾ?"

"ನನಗೇನ ಗೊತ್ತೋ. ಬಸ್ಸಿನಾಗೂ ಅದೇ ವಿಚಾರ, ಒಲಿ ಮುಂದೂ ಅದೇ ವಿಚಾರ. ತಲಿ ಗೊಂದಲಾಗಿ ಹೋಗ್ಯಾದ."

ಬೆಳಿಗ್ಗೆ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಲಲಿತಾಬಾಯಿ ಬಜಾರಕ್ಕೆ ಹೋದಳು. ಎಂದಿನಂತೆ ಅಂಗಡಿಯ ಗಾದಿ ಹತ್ತಲಿಲ್ಲ. ಕೆಳಗಿನ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ತಲೆಯ ಮೇಲಿನ ಸೆರಗನ್ನು ಇಳಿಸಿ ಎರಡೂ ಕೈಯಲ್ಲಿ ಒಡ್ಡಿದಳು.

"ಸಾವಕಾರ್ರ, ಹುಮನಾಬಾದಿನ ಒಂದು ಭಿಕಾರಿ ಕೂಸಿಗಿ ಅರಿವಿ ನೀಡ್ರಿ."

ಗಿರಾಕಿಗಳು ತಿರುಗಿ ನೋಡಿದರು. ದಿಗಂಬರಪ್ಪನ ಕಿವಿ ಕೆಂಪಗಾದವು. "ಇದೇನ ನಾಟಕ ಲಲಿತಾ? ಮನ್ಯಾಗ ಕೇಳಿದ್ರ ನಾ ಇಲ್ಲಂತಿದ್ನೇನು?"

"ಮನ್ಯಾಗ ಕೇಳಿದ್ರ ತೊಗೊಂಡಂಗ ಆಗ್ತದರಿ. ಬೇಡಿದಂಗ ಆಗಂಗಿಲ್ಲ."

ಅವನು ಹೆಂಡತಿಯ ಒಡ್ಡಿದ ಸೆರಗನ್ನೇ ನೋಡಿದ. ಆಮೇಲೆ ಎದ್ದು ಎಲ್ಲಕ್ಕಿಂತ ಮೆತ್ತನೆಯ ಮಲಮಲ್ ಇಳಿಸಿದ. "ಎಷ್ಟು ಮೀಟರು?"

"ಬೇಡೂವಾಕಿ ಮೀಟರ್ ಹೇಳ್ತಾಳೇನ್ರಿ?"

ಅರಿವಿಯ ತುದಿಗೆ ಕತ್ತರಿಯ ಗಾಯ ಕೊಟ್ಟು ಅವನು ಹರಿಯತೊಡಗಿದ. ಸೆರಗು ತುಂಬಿದರೂ ನಿಲ್ಲಿಸಲಿಲ್ಲ. ಧೋತ್ರ ಕೊಳ್ಳಲು ಬಂದಿದ್ದ ಒಬ್ಬ, "ನಾವೂ ಸೆರಗ ಒಡ್ಡಿದ್ರ ಸಿಗ್ತದೇನ್ರಿ ಸಾವಕಾರ್ರ?" ಎಂದು ನಕ್ಕ. "ನಿಮಗ ಸೆರಗ ಎಲ್ಲದರೀ," ಎಂದ ದಿಗಂಬರಪ್ಪ, ಹರಿಯುತ್ತಲೇ.

ಗಂಜಿ ಹೋಗುವತನಕ ಬಿಸಿನೀರಲ್ಲಿ ತೊಳೆದು, ಫ್ಯಾನಿನಡಿ ಒಣಗಿಸಿ, ಮನೆಯವರೆಲ್ಲ ಒಂದೊಂದನ್ನು ಮೈಮೇಲೆ ಹಾಕಿಕೊಂಡರು. ಲಲಿತಾಬಾಯಿ ತಲೆಗೆ, ದಿಗಂಬರಪ್ಪ ಹೆಗಲಿಗೆ, ಓಂಪ್ರಕಾಶ ಕೊರಳಿಗೆ. ಅಂಗಡಿಯ ಬಾಜೂ ಹೊಲಿಗೆ ಯಂತ್ರ ಇಟ್ಟುಕೊಂಡ ಬದ್ರುದ್ದೀನ್ ವಿಷಯ ಕೇಳಿ, "ನನಗೂ ಎರಡು ಕೊಡ್ರಿ ವೈನಿ, ಮಧ್ಯಾಹ್ನದ ನಮಾಜಿಗಿ ಹೆಗಲ ಮ್ಯಾಲ ಹಾಕ್ಕೋತೀನಿ. ಆಶೀರ್ವಾದಕ್ಕ ಜಾತಿ ಎಲ್ಲಿದು?" ಎಂದು ತೆಗೆದುಕೊಂಡ. ಅವನನ್ನು ನೋಡಿ ಬಾಜೂ ಅಂಗಡಿಯವರೂ ಒಂದೊಂದು ಕೇಳಿ ಪಡೆದರು. ಆ ದಿನ ಬಜಾರದಲ್ಲಿ ಯಾರ ಹೆಗಲು ನೋಡಿದರೂ ಬಿಳಿ ಮಲಮಲ್. ಸಂಜೆಗೆ ಎಲ್ಲವನ್ನೂ ತಂದು ಇನ್ನೊಮ್ಮೆ ಕುದಿಸಿದರು.

ಮರುದಿನ ಗಂಟು ಹೊತ್ತು ಹುಮನಾಬಾದಿಗೆ ಹೋದಾಗ ಮಳೆ ಹೊಳವಾಗಿತ್ತು. ಸ್ನೇಹಲ ಹೊಸ ಮುಲಾಮು ಹಚ್ಚಿ ಕಾಯುತ್ತಿದ್ದಳು. ಲಲಿತಾಬಾಯಿ ಒಂದು ಅರಿವಿ ಮಡಿಸಿ ಕೂಸಿನ ಕೆಳಗೆ ಸರಿಸಿದಳು. ಕಟ್ಟಲು ತುದಿ ಎತ್ತಿದವಳ ಕೈ ಮುಂದೆ ಹೋಗಲಿಲ್ಲ. ಮೊದಲ ಕೂಸಿಗೆಂದು ಪೆಟ್ಟಿಗೆ ತುಂಬಿದ ಮಲಮಲ್ಲೂ ಇಷ್ಟೇ ಬಿಳುಪಾಗಿತ್ತು.

"ಯಾಕ್ರಿ ಅತ್ತಿ?"

"ನಾ ಕಟ್ತೀನಿ. ನೀನೂ ನಿಮ್ಮವ್ವನೂ ಮುಟ್ಟಬ್ಯಾಡ್ರಿ. ತಪ್ಪಾಗಿದ್ರ ನನ್ನ ಮ್ಯಾಲ ಬರ್ಲಿ."

ಸ್ನೇಹಲ ಅತ್ತೆಯ ಮುಖ ನೋಡಿದಳು. "ಒಂದು ತುದಿ ನನಗ ಕೊಡ್ರಿ," ಎಂದಳು. ಕೊಡುವ ಮೊದಲೇ ಹಿಡಿದಿದ್ದಳು. ಇಬ್ಬರೂ ಕೂಡಿ ಸಡಿಲಾಗಿ ಕಟ್ಟಿದರು. ಕಟ್ಟಿದ ಮರುಗಳಿಗೆಯೇ ಕೂಸು ಉಚ್ಚೆ ಹೊಯ್ದಿತು.

"ಆತು," ಎಂದಳು ಸುಮನಬಾಯಿ. "ದೇವರು ಒಪ್ಪಿದನೋ ಇಲ್ಲೋ, ಈಕಿ ಒಪ್ಪಿದ್ಳು." ಬಿಚ್ಚಿ ನೇರ ಬಕೀಟಿನ ನೀರಿಗೆ ಹಾಕಿದಳು.

ದಿನಗಳು ಹೋದಂತೆ ಕೆಂಪು ಮೊದಲು ಅಂಚಿನಲ್ಲಿ ಮಾಸಿತು, ಆಮೇಲೆ ನಡುವೆ. ಹಿತ್ತಲ ತಂತಿಯಲ್ಲಿ ಬಿಸಿಲಿಗೆ ಮಲಮಲ್ ಹಾರಾಡುತ್ತಿತ್ತು. ಎರಡನೇ ಮುಲಾಮು ಹಿಡಿಯಿತು ಎಂದ ಓಂಪ್ರಕಾಶ. ತೊಳೆದದ್ದಕ್ಕೆ ಎಂದಳು ಸ್ನೇಹಲ. ಬಾಣಂತಿಗೆ ತಾನು ಅಂಟಿನುಂಡಿ ನಿಲ್ಲಿಸಿದ್ದಕ್ಕೆ ಎಂದಳು ಸುಮನಬಾಯಿ, ಬೀಗತಿ ಹಿತ್ತಲಲ್ಲಿದ್ದಾಗ. ಲಲಿತಾಬಾಯಿಗೆ ಅದೂ ಕೇಳಿಸಿತು. ಯಾಕೋ ಸಿಟ್ಟು ಬರಲಿಲ್ಲ.

ಊರಿಗೆ ಹೊರಡುವ ದಿನ ಆಕೆ ವೀರಭದ್ರ ದೇವರ ಗುಡಿಗೆ ಹೋದಳು. ಕಾಯಿ ಒಯ್ದಿದ್ದಳು, ಆದರೆ ಕ್ಷಮೆ ಕೇಳಿ ಒಡೆಸುವುದೋ, ಹರಕೆ ನಡೆಯುತ್ತಿದೆ ಎಂದು ಒಡೆಸುವುದೋ ಬಾಗಿಲಿಗೆ ಬಂದರೂ ತಿಳಿಯಲಿಲ್ಲ. ಗುರುತಿನ ಪೂಜಾರಿ ಕೈ ಚಾಚಿದ.

"ಏನಂತ ಬೇಡ್ಕೊಳ್ಳಲಿ ಅವ್ವಾ? ಹರಕಿ ನಡದಾದಿಲ್ಲೋ?"

"ನನಗ ತಿಳೀವಲ್ದರಿ ಅಯ್ಯನೋರ," ಎಂದಳು ಲಲಿತಾಬಾಯಿ. ಕಾಯಿಯನ್ನು ಅವನ ಕೈಗಿಟ್ಟಳು. "ನೀವು ಏನೂ ಅನ್ನಬ್ಯಾಡ್ರಿ. ಕೂಸು ಮಲಗ್ಯಾದ ಅಂತ ಇಷ್ಟೇ ಹೇಳ್ರಿ ಅವನಿಗಿ."